ಒಳ್ಳೆ ಕೇಸ್

ಡಾಕ್ಟರ್ ರೂಬನ್ ಕಾಫಿ ಕಪ್ಪು ಹಿಡಿದು ಗುಂಪಿನಿಂದ ಈಚೆ ಬಂದದ್ದೇ ತಡ, ವಿಜೇತಾ ಹೋಗಿ ಅವರ ಎದುರು ನಿಂತಳು. ಬೆಳಗ್ಗಿನಿಂದ ಅವಳು ಕಾದದ್ದು ಇದೊಂದೇ ಗಳಿಗೆಗೆ. ಹೋಟೆಲಿನ ಸಭಾಂಗಣದಲ್ಲಿ ರೇಡಿಯಾಲಜಿ ಕಾನ್ಫರೆನ್ಸಿನ ಮೂರು ಉಪನ್ಯಾಸಗಳು ಆಗಲೇ ಮುಗಿದಿದ್ದವು. ಒಂದೂ ಅವಳ ಕಿವಿಯೊಳಗೆ ಇಳಿದಿರಲಿಲ್ಲ.

ಹೀಗೆ ಕಾಯಬೇಕೆಂದು ಹೇಳಿಕೊಟ್ಟವಳು ಅವಳ ಆಸ್ಪತ್ರೆಯ ಹಿರಿಯ ಟೆಕ್ನಿಷಿಯನ್ ರೊಸಾಲಿನ್. "ಎಲ್ಲರ ಭಾಷಣ ಕೇಳ್ಲಿಕ್ಕೆ ಹೋಗ್ಬೇಡ. ಯಾರು ಬೇಕು ಅಂತ ಮೊದಲೇ ನಿಶ್ಚಯ ಮಾಡು. ಊಟದ ಹೊತ್ತಿಗೂ ಬೇಡ, ಕೈಯಲ್ಲಿ ಪ್ಲೇಟ್, ಬಾಯಲ್ಲಿ ಅನ್ನ. ಕಾಫಿಗೆ ಬಿಟ್ಟಾಗ ಹಿಡಿ. ಮತ್ತೆ, ಗಂಡ ಅಂತ ಮಾತ್ರ ಹೇಳ್ಬೇಡ. ಗಂಡ ಅಂದ್ರೆ ಸಮಾಧಾನ ಹೇಳ್ತಾರೆ. ಕೇಸ್ ಅಂತ ಹೇಳು, ಸತ್ಯ ಹೇಳ್ತಾರೆ."

ಗಂಡ ರಂಜಿತನ ಹೊಟ್ಟೆಯ ಸ್ಕ್ಯಾನ್ ತೆಗೆದವಳು ವಿಜೇತಾಳೇ. ಗಾಜಿನ ಈಚೆ ಕೂತು, "ಉಸಿರು ಹಿಡಿಯಿರಿ, ಬಿಡಿ" ಎಂದು ಮೈಕಿನಲ್ಲಿ ಹೇಳಿದವಳೂ ಅವಳೇ. ಪರದೆಯ ಮೇಲೆ ಮೂಡಿದ್ದನ್ನು ಕಂಡು ಅವಳ ಉಸಿರೇ ಸಿಕ್ಕಿಕೊಂಡಿತ್ತು. ಆದರೆ ಸರ್ಜನ್, "ಪ್ಯಾಂಕ್ರಿಯಾಸಲ್ಲಿ ಒಂದು ಗಡ್ಡೆ ಉಂಟು, ತೆಗೆದುಬಿಡುವ" ಎಂದು ಸೋಮವಾರಕ್ಕೆ ಆಪರೇಶನ್ ಇಟ್ಟಿದ್ದರು. ಸ್ಕ್ಯಾನ್ ತೆಗೆಯುವವಳು ಸರ್ಜನ್‌ಗೆ ಎದುರಾಡುವ ಹಾಗಿಲ್ಲ. ತನ್ನ ಕಣ್ಣೇ ತಪ್ಪಿರಲಿ ಎಂಬ ಆಸೆಯೂ ಅವಳಿಗಿತ್ತು.

"ಸರ್, ಒಂದು ಕೇಸ್ ಉಂಟು. ಒಂದೇ ನಿಮಿಷ." ಹೆಸರಿದ್ದ ಭಾಗ ಕತ್ತರಿಸಿಟ್ಟ ಚಿತ್ರಗಳನ್ನು ಮೊಬೈಲಿನಲ್ಲಿ ಹಿಡಿದಳು. "ನಲ್ವತ್ತೊಂದು ವಯಸ್ಸಿನ ಗಂಡಸು. ಬೆನ್ನು ನೋವು, ತೂಕ ಇಳಿದಿದೆ. ಆಪರೇಶನ್ ಮಾಡ್ಬಹುದಾ ಅಂತ."

ರೂಬನ್ ಮಂಗಳೂರಿನವರೇ, ಈಗ ಮುಂಬಯಿಯಲ್ಲಿ ದೊಡ್ಡ ಹೆಸರು. ಕಪ್ಪನ್ನು ಕಿಟಕಿಯ ದಂಡೆಯ ಮೇಲಿಟ್ಟು ಮೊಬೈಲ್ ತೆಗೆದುಕೊಂಡರು. ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದರು. ಮುಖ ಅರಳಿತು.

"ಅರೆ, ಒಳ್ಳೆ ಕೇಸ್! ಬನ್ನಿ, ಇಲ್ಲಿ ನೋಡಿ" ಎಂದು ಹತ್ತಿರವಿದ್ದ ಎಳೆಯ ಡಾಕ್ಟರುಗಳನ್ನು ಕರೆದರು. ನಾಲ್ಕೈದು ತಲೆಗಳು ಮೊಬೈಲಿನ ಮೇಲೆ ಬಾಗಿದವು. "ಗಡ್ಡೆ ರಕ್ತನಾಳವನ್ನು ಹೇಗೆ ಸುತ್ತಿಕೊಂಡಿದೆ ನೋಡಿ. ಲಿವರಲ್ಲಿ ಈ ಚುಕ್ಕೆಗಳು ಕಾಣ್ತವಾ? ಹರಡಿ ಆಗಿದೆ. ಇದನ್ನು ಕೊಯ್ದ್ರೆ ಎಂತ ಸಿಗ್ತದೆ? ಇರುವ ನಾಲ್ಕು ದಿನವನ್ನೂ ಪಾಪ ಐಸಿಯುನಲ್ಲಿ ಕಳೀತಾನೆ, ಅಷ್ಟೇ."

"ಬೇರೆ ಎಂತದೂ ಇಲ್ವಾ ಸರ್?"

"ಕೀಮೋ ಕೊಟ್ಟು ನೋಡಬಹುದು. ನೋವಿಗೆ ಸರಿಯಾದ ಮದ್ದು ಕೊಡಿ. ಮನೆಯವರ ಜೊತೆ ಇರ್ಲಿ. ವರ್ಷ ದಾಟುವುದು ಕಷ್ಟ." ಮೊಬೈಲ್ ಹಿಂದಕ್ಕೆ ಕೊಡುತ್ತ ಅವರು ಅವಳ ಕೊರಳಿನ ಬ್ಯಾಡ್ಜ್ ಓದಿದರು. "ಟೆಕ್ನಿಷಿಯನ್ನಾ? ಚಿತ್ರ ತುಂಬಾ ಕ್ಲೀನಾಗಿ ಬಂದಿದೆ. ಪೇಷೆಂಟ್ ಒಂಚೂರೂ ಅಲುಗಾಡ್ಲಿಲ್ಲ. ನನಗೆ ಕಳಿಸಿ, ಪಾಠಕ್ಕೆ ಬೇಕು."

"ಆಗಬಹುದು ಸರ್" ಎಂದಳು. ಮನೆಯಲ್ಲಿ ಅವಳ ಒಂದು ಮಾತೂ ಕೇಳದ ರಂಜಿತ್ ಅಂದು ಮಾತ್ರ ಅಲುಗಾಡಬೇಡಿ ಎಂದದ್ದಕ್ಕೆ ಕಲ್ಲಿನ ಹಾಗೆ ಮಲಗಿದ್ದ.

ಮುಂದಿನ ಉಪನ್ಯಾಸಕ್ಕೆ ಎಲ್ಲರೂ ಒಳಗೆ ಹೋದರು. ವಿಜೇತಾ ಶೌಚಾಲಯಕ್ಕೆ ಹೋಗಿ ನಲ್ಲಿ ಬಿಟ್ಟುಕೊಂಡು, ಆ ಸದ್ದಿನಲ್ಲಿ ಅತ್ತಳು. ಮುಖ ತೊಳೆದು ಮೆಟ್ಟಿಲು ಇಳಿಯುವಾಗ ಹೇಳಬೇಕಾದದ್ದನ್ನೆಲ್ಲ ಸಾಲಾಗಿ ಜೋಡಿಸಿಕೊಂಡಳು. ಮೊದಲು ಆಪರೇಶನ್ ಬೇಡವೆಂಬುದು. ಆಮೇಲೆ ಯಾಕೆ ಬೇಡವೆಂಬುದು. ಆಮೇಲೆ ಉಳಿದದ್ದು.

ರಂಜಿತ್ ಗೇಟಿನ ಹೊರಗೆ ಸ್ಕೂಟರಿಗೆ ಒರಗಿ ನಿಂತಿದ್ದ. ಬಂದರಿನ ದಕ್ಕೆಯಲ್ಲಿ ಮೀನಿನ ಏಲಂ ಮುಗಿಸಿ ನೇರ ಬಂದವನು. ಬಟ್ಟೆಯಲ್ಲಿ ಮೀನಿನ ವಾಸನೆಯೆಂದು ಹೋಟೆಲಿನ ಒಳಗೆ ಬರಲು ಸಂಕೋಚ.

"ಸಿಕ್ಕಿದ್ರಾ?"

"ಸಿಕ್ಕಿದ್ರು."

"ಎಂತ ಹೇಳಿದ್ರು?"

"ಆಪರೇಶನ್ ಬೇಡ ಹೇಳಿದ್ರು."

ಅವನು ಒಂದು ಕ್ಷಣ ಅವಳನ್ನೇ ನೋಡಿದ. ಎಷ್ಟೋ ದಿನದಿಂದ ಗಂಟಿಕ್ಕಿಕೊಂಡಿದ್ದ ಅವನ ಹುಬ್ಬು ಸಡಿಲವಾಯಿತು. "ಬೇಡವಾ? ಕೊಯ್ಯುವುದೇ ಬೇಡವಾ? ನಾನು ಆವತ್ತೇ ಹೇಳಿದ್ದಲ್ವಾ ಮಾರಾಯ್ತಿ, ಇದು ಬರೀ ಗ್ಯಾಸ್ಟ್ರಿಕ್ ಅಂತ!"

"ಹಾಗಲ್ಲ, ಕೇಳಿ ಇಲ್ಲಿ..."

ಅಷ್ಟರಲ್ಲಿ ಅವನು ಬೋಳಾರದ ಮನೆಗೆ ಫೋನ್ ಮಾಡಿಯಾಗಿತ್ತು. "ಅಮ್ಮಾ, ಆಪರೇಶನ್ ಬೊಡ್ಚಿಗೆ! ಬೊಡ್ಚಿಗೆ!" ಬೇಡವಂತೆ, ಬೇಡವಂತೆ ಎಂದು ಅವನು ತುಳುವಿನಲ್ಲಿ ಕೂಗಿದ್ದು ಕೇಳಿ ರಸ್ತೆಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಆ ಕಡೆಯಿಂದ ಅತ್ತೆ ದೇವಿಯ ಹೆಸರು ಹೇಳಿಕೊಂಡು ಅಳುವುದು ಕೇಳಿಸಿತು. ಹಿಂದಿನಿಂದ ಮಕ್ಕಳ ಗಲಾಟೆ.

ವಿಜೇತಾ ಅವನ ತೋಳು ಹಿಡಿದಳು. ಹೇಳಿಯೇ ಬಿಡಬೇಕೆಂದು ಹಿಡಿದಳು. ಬಲೆ ಎಳೆದು ಬೆಳೆದ ತೋಳು ಅವಳ ಒಂದು ಹಿಡಿಯೊಳಗೆ ಪೂರ್ತಿ ಬಂತು. ಹಿಡಿದ ಕೈಯನ್ನು ಮೆಲ್ಲನೆ ಬಿಟ್ಟಳು.

"ಕೂತ್ಕೋ" ಎಂದ ರಂಜಿತ್, ನಗುತ್ತ ಸ್ಕೂಟರ್ ಸ್ಟಾರ್ಟ್ ಮಾಡಿ. "ದಾರಿಯಲ್ಲಿ ಮಕ್ಕಳಿಗೆ ಐಸ್‌ಕ್ರೀಮ್ ತಕೊಳ್ಳುವ. ಏನೇ ಹೇಳು, ನೀನು ಈ ಕಾನ್ಫರೆನ್ಸಿಗೆ ಬಂದದ್ದು ಸಾರ್ಥಕ ಆಯ್ತು."