ಎಡಗಡೆಯ ದಾರಿ

ಎರಡು ವರ್ಷದ ಹಿಂದೆ ಸಗಾಯರಾಜನ ಎಡಗಾಲು ಮುರಿದ ದೇವಯ್ಯನೇ ಈ ಫುಟ್‌ಬಾಲ್ ಫೈನಲ್‌ನಲ್ಲಿ ಎದುರಾಳಿ ತಂಡದ ಫಾರ್ವರ್ಡ್. ಮೂರು ಆಪರೇಷನ್ ದಾಟಿ ಮತ್ತೆ ಕ್ಯಾಪ್ಟನ್ ಆಗಿ ಮೈದಾನಕ್ಕಿಳಿದಿದ್ದ ಡಿಫೆಂಡರ್ ಸಗಾಯರಾಜ್ ಅವನ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. ಆದರೆ ದೇವಯ್ಯ ಒಮ್ಮೆಯೂ ಆ ಕಾಲಿನ ಕಡೆ ಸುಳಿಯಲಿಲ್ಲ. ಏನೋ ಮಸಲತ್ತಿದೆ ಅನ್ನಿಸಿತು. ಕೊನೆಯ ನಿಮಿಷದಲ್ಲಿ ಸಗಾಯರಾಜನ ಎಡಗಡೆಯಿಂದ ಗೋಲಿಗೆ ದಾರಿ ತೆರೆದೇ ಇತ್ತು; ದೇವಯ್ಯ ಚೆಂಡನ್ನು ಹಿಂದಕ್ಕೆ ತಳ್ಳಿಬಿಟ್ಟ. ಸಗಾಯರಾಜನ ತಂಡ ಗೆದ್ದಿತು.

ಕುಣಿಯುತ್ತಿದ್ದ ತನ್ನವರನ್ನು ಬಿಟ್ಟು ಅವನು ನೇರ ಹೋಗಿ ದೇವಯ್ಯನ ಜೆರ್ಸಿ ಹಿಡಿದು ಜಗ್ಗಿದ.

"ಯಾರಿಗೆ ಮಾರ್ಕೊಂಡ್ಯೋ ಮ್ಯಾಚು?"

"ಇಲ್ಲ ಅಣ್ಣ, ದೇವರಾಣೆ."

"ಮತ್ಯಾಕೆ ನನ್ನ ಎಡಕ್ಕೆ ಬರ್ಲಿಲ್ಲ?"

ದೇವಯ್ಯ ಸುತ್ತ ನೋಡಿ ದನಿ ತಗ್ಗಿಸಿದ.

"ಅವತ್ತು ಮೂಳೆ ಮುರಿದ ಸದ್ದು ಕೇಳಿದಾಗಿನಿಂದ, ಎದುರಿಗೆ ಯಾರ ಎಡಗಾಲು ಕಂಡ್ರೂ ನನ್ನ ಕಾಲು ನಿಂತೇಹೋಗುತ್ತೆ. ನಮ್ಮ ಕೋಚ್‌ಗೆ ಮಾತ್ರ ಹೇಳ್ಬೇಡಿ ಅಣ್ಣ."