ಶಾಲೆಗೆ ಬಂದ ಕಂಪ್ಯೂಟರ್

“ಅವ್ವಾ, ನಮ್ಮ ಸಾಲಿಗಿ ಹೊಸಾ ಕಂಪ್ಯೂಟರ್ ಬಂದದ ನೋಡು!” ಎಂದು ಮಗಳು ಐಶ್ವರ್ಯಾ ಕೈ ಹಿಡಿದು ಎಳೆತಂದಾಗ, ಶೇಷಮ್ಮನ ಕಣ್ಣು ಪರದೆಯ ಅಂಚಿನ ಕೆಂಪು ಮಸಿಯ ಕಲೆಯ ಮೇಲೆ ನಿಂತಿತು. ಇಂದಿರಾನಗರದ ಆಫೀಸಿನಲ್ಲಿ ಕಸ ಗುಡಿಸುತ್ತ ಆರು ವರ್ಷ ಅವಳು ದಿನವೂ ಒರೆಸಿದರೂ ಹೋಗದ ಕಲೆ ಅದು. ಹಳತಾಯಿತೆಂದು ಹೋದ ತಿಂಗಳಷ್ಟೇ ಆಫೀಸಿನವರು ಆ ಕಂಪ್ಯೂಟರನ್ನು ಯಾವುದೋ ಶಾಲೆಗೆ ಕೊಟ್ಟಿದ್ದರು.

ಹೇಳಲೆಂದು ಶೇಷಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಮಗಳು ಅವಳನ್ನು ಕುರ್ಚಿಯಲ್ಲಿ ಕೂರಿಸಿ, “ನಿನ್ನ ಹೆಸರು ನೀನೇ ಬರಿ. ಇದನ್ನ ಒತ್ತು” ಎಂದಳು.

ಅಷ್ಟು ವರ್ಷ ಒಂದು ಗುಂಡಿಯೂ ಒತ್ತಿಹೋಗದಂತೆ ಹೆದರುತ್ತಲೇ ಒರೆಸಿದ್ದ ಶೇಷಮ್ಮ, ಮೆಲ್ಲಗೆ ಬೆರಳಿಟ್ಟು ಒತ್ತಿದಳು. ಪರದೆಯ ಮೇಲೆ ಒಂದು ಅಕ್ಷರ ಮೂಡಿತು.

ಹೇಳಬೇಕೆಂದಿದ್ದ ಮಾತನ್ನು ನುಂಗಿಕೊಂಡು ಅವಳು ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು.

“ಮುಂದಿಂದು ಯಾವುದು, ಮಗಳ?”