ಇಳಿಯಬೇಕೆಂದವಳು

ಚಿಕ್ಕಂದಿನಲ್ಲಿ ನೋಡಿದ್ದ ಆಕಾಶನೌಕೆಯ ಧಾರಾವಾಹಿಯನ್ನು ಈಗ ಮತ್ತೆ ನೋಡುತ್ತಿದ್ದೇನೆ. ತನ್ನನ್ನು ಇಳಿಸಿಬಿಡಿ ಎಂದು ಕ್ಯಾಪ್ಟನ್ನನ್ನು ಬೇಡುವ ಹೆಂಗಸೊಬ್ಬಳೇ ಆ ನೌಕೆಯಲ್ಲಿ ಧೈರ್ಯಸ್ಥೆಯಂತೆ ಕಾಣುತ್ತಾಳೆ. ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ ಅದು ಬಂದ ಭಾನುವಾರ ನಾವು ಮಕ್ಕಳೆಲ್ಲ ಅವಳನ್ನು ಪುಕ್ಕಲಿ ಎಂದು ನಕ್ಕಿದ್ದೆವು.

ಗಂಡನ ಮನೆ ಬಿಟ್ಟು ಬಂದಿದ್ದ ಸೋದರತ್ತೆಯನ್ನು ಅಂದು ವಾಪಸು ಕಳಿಸುವುದಿತ್ತು. ಅಜ್ಜಿ ಅವಳ ಸೆರಗಿಗೆ ಮಡಿಲಕ್ಕಿ ತುಂಬುತ್ತಿದ್ದಳು. ಅತ್ತೆಯ ಕಣ್ಣು ಟಿವಿಯ ಮೇಲಿತ್ತು.

"ಅವಳ್ನ ಇಳಿಸ್ಬುಟ್ರೆ ಅವ್ರಿಗೇನವ್ವಾ ನಷ್ಟ?"

"ಬಸ್ಸು ಬತ್ತದೆ, ಏಳು. ಆಡ್ಕಳೋರ ಬಾಯ್ಗೆ ಬೀಳ್ಬ್ಯಾಡ," ಎಂದಳು ಅಜ್ಜಿ.

ಅತ್ತೆ ಹೋದಳು.

ಸಂಜೆ ಕಸ ಗುಡಿಸುವಾಗ ಆ ಮಡಿಲಕ್ಕಿಯೆಲ್ಲ ಟಿವಿಯ ಹಿಂದೆ ಸುರಿದು ಬಿದ್ದಿತ್ತು. ಅಜ್ಜಿ ಅದನ್ನು ಮೊರಕ್ಕೆ ಬಳಿದುಕೊಂಡು, ಕೇರಿ, ಅಕ್ಕಿ ಡಬ್ಬಕ್ಕೆ ಹಾಕಿಕೊಂಡಳು.